ಬೆವರುವ ಮನೆಗೆ ಗಾಜಿನ ಕಂಬಳಿ

ಹಳೆಯ ಮನೆಯ ಕಿಟಕಿಗಳನ್ನು ಕಿತ್ತು ಜೋಡಿ ಗಾಜಿನ ಕಿಟಕಿ ಕೂರಿಸಿದರೆ ಮನೆ ತಂಪಾಗುತ್ತದೆ, ವಿದ್ಯುತ್ ಉಳಿಯುತ್ತದೆ, ಪರಿಸರಕ್ಕೂ ಒಳಿತಾಗುತ್ತದೆ ಎಂಬ ಮಾತು ಮಹಾನಗರಗಳ ಗಡಿ ದಾಟಿ ಬಯಲುಸೀಮೆಯ ಕಡೆಗೂ ಹೊರಟಿದೆ. ಡಬಲ್ ಗ್ಲೇಜಿಂಗ್ ಎಂದು ಕರೆಯಲಾಗುವ ಈ ಸರಕಿನ ಜಾಹೀರಾತಿನಲ್ಲಿ ಒಂದು ಹಸಿರು ಎಲೆಯ ಚಿತ್ರಕ್ಕೆ ಜಾಗ ಇದ್ದೇ ಇರುತ್ತದೆ. ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಊರಿನಲ್ಲಿ ಅಜ್ಜನ ಕಾಲದ ಮನೆಯನ್ನು ದುರಸ್ತಿ ಮಾಡಿಸಲು ಹೊರಟ ಕುಟುಂಬಕ್ಕೆ, ಬೆಂಗಳೂರಿನಲ್ಲೋ ಜರ್ಮನಿಯಲ್ಲೋ ನೌಕರಿಯಲ್ಲಿರುವ ಮಗ ದೂರವಾಣಿಯಲ್ಲಿ ಕೊಡುವ ಮೊದಲ ಸಲಹೆ ಇದೇ ಆಗಿದ್ದರೆ ಆಶ್ಚರ್ಯವಿಲ್ಲ. ಮಗನ ಉದ್ದೇಶದಲ್ಲಿ ದೋಷವಿಲ್ಲ. ಜರ್ಮನಿಯ ಚಳಿಯಲ್ಲಿ ಆ ಕಿಟಕಿ ನಿಜಕ್ಕೂ ಉಪಕಾರಿ. ದೋಷವಿರುವುದು ಚಳಿಗೆ ಹೊದೆಯಬೇಕಾದ ಕಂಬಳಿಯನ್ನು ಬೆವರುತ್ತಿರುವವನ ಹೆಗಲಿಗೆ ಹಾಕಿ ಹಣ ಕೇಳುವ ವ್ಯಾಪಾರದಲ್ಲಿ.

ಜೋಡಿ ಗಾಜಿನ ಗುಟ್ಟು ಗಾಜಿನಲ್ಲಿಲ್ಲ. ಗಾಜು ಶಾಖವನ್ನು ಸರಾಗವಾಗಿ ದಾಟಿಸುವ ವಸ್ತು. ಎರಡು ಗಾಜಿನ ಹಲಗೆಗಳ ನಡುವೆ 12ರಿಂದ 16 ಮಿ.ಮೀ. ಅಂತರ ಬಿಟ್ಟು, ಅಲ್ಲಿ ಒಣಗಾಳಿಯನ್ನೋ ಆರ್ಗಾನ್ ಅನಿಲವನ್ನೋ ತುಂಬಿ, ಅಂಚುಗಳನ್ನು ಭದ್ರವಾಗಿ ಮುಚ್ಚಿದಾಗ ಆ ಅಲುಗಾಡದ ಗಾಳಿಯೇ ಶಾಖಕ್ಕೆ ತಡೆಯಾಗುತ್ತದೆ. ಕುರಿಯುಣ್ಣೆಯ ಕಂಬಳಿ ಮೈಯನ್ನು ಬೆಚ್ಚಗಿಡುವುದೂ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದಲೇ. ಕುರಿ ಕಾಯುವವರಿಗೆ ಈ ವಿಜ್ಞಾನವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಒಂದು ಚದರ ಮೀಟರ್ ಕಿಟಕಿಯ ಒಳಗೂ ಹೊರಗೂ ಒಂದು ಡಿಗ್ರಿ ತಾಪದ ವ್ಯತ್ಯಾಸವಿದ್ದರೆ ಒಂಟಿ ಗಾಜಿನ ಮೂಲಕ ಸುಮಾರು 5.7 ವ್ಯಾಟ್ ಶಾಖ ದಾಟುತ್ತದೆ, ಸಾದಾ ಜೋಡಿ ಗಾಜಿನ ಮೂಲಕ ಸುಮಾರು 2.8 ವ್ಯಾಟ್. ಅರ್ಧಕ್ಕರ್ಧ ಉಳಿತಾಯವೆಂದು ಮಾರಾಟಗಾರರು ಹೇಳುವುದು ಈ ಮಟ್ಟಿಗೆ ಸುಳ್ಳಲ್ಲ. ಆದರೆ ಯಾವುದರ ಅರ್ಧ ಎಂಬುದನ್ನು ಅವರು ಹೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಈ ಕಿಟಕಿ ಕಡ್ಡಾಯವಾದ ನಾಡಿನತ್ತ ನೋಡಬೇಕು. 1973ರ ತೈಲ ಬಿಕ್ಕಟ್ಟಿನಲ್ಲಿ ಯುರೋಪಿನ ಮನೆಗಳು ಚಳಿಗಾಲದ ಉರುವಲಿಗೆ ತತ್ತರಿಸಿದವು. ಪಶ್ಚಿಮ ಜರ್ಮನಿಯು 1977ರಲ್ಲಿ ಶಾಖ ಸಂರಕ್ಷಣೆಯ ಮೊದಲ ನಿಯಮಾವಳಿಯನ್ನು ಜಾರಿಗೆ ತಂದು ಹೊಸ ಕಟ್ಟಡಗಳಿಂದ ಒಂಟಿ ಗಾಜನ್ನು ಹೊರಗಟ್ಟಿತು. ಅಲ್ಲಿ ಆರು ತಿಂಗಳು ಹಗಲಿರುಳೂ ಮನೆಯನ್ನು ಕಾಯಿಸಬೇಕು. ಒಳಗಿನ ತಾಪಕ್ಕೂ ಹೊರಗಿನ ತಾಪಕ್ಕೂ ಸರಾಸರಿ 15 ಡಿಗ್ರಿಯಷ್ಟು ಅಂತರವಿರುತ್ತದೆ. ಆ ಲೆಕ್ಕದಲ್ಲಿ ಒಂದು ಚದರ ಮೀಟರ್ ಕಿಟಕಿಗೆ ಒಂದು ಚಳಿಗಾಲದಲ್ಲಿ ಸುಮಾರು 190 ಯೂನಿಟ್‌ನಷ್ಟು ಶಾಖ ಉಳಿಯುತ್ತದೆ. ಉರಿಸದೆ ಉಳಿದ ಎಣ್ಣೆಯ, ಅನಿಲದ ಹಣವೇ ಕಿಟಕಿಯ ಬೆಲೆಯನ್ನು ತೀರಿಸುತ್ತದೆ. ಇದಕ್ಕೆ ಯಾವ ಪರಿಸರವಾದಿಯೂ ತಕರಾರು ತೆಗೆಯಲಾರ.

ಇದೇ ಲೆಕ್ಕವನ್ನು ಚೌಳಹಿರಿಯೂರಿಗೆ ತಂದು ನೋಡಬೇಕು. ಬಾಬಾಬುಡನ್‌ಗಿರಿಯ ಸಾಲು ಮಳೆಯ ಮೋಡಗಳನ್ನು ತನ್ನ ಪಡುವಣ ಮಗ್ಗುಲಲ್ಲೇ ಹಿಂಡಿಕೊಳ್ಳುತ್ತದೆ. ಶೃಂಗೇರಿಯ ಕಡೆ ಮೂರು ಸಾವಿರ ಮಿ.ಮೀ. ಮೀರಿ ಸುರಿಯುವ ಮಳೆ ಕಡೂರು ತಾಲ್ಲೂಕಿಗೆ ಬರುವಷ್ಟರಲ್ಲಿ 600 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. 1947ರವರೆಗೆ ಇಡೀ ಜಿಲ್ಲೆಗೆ ಕಡೂರಿನ ಹೆಸರೇ ಇತ್ತಾದರೂ ಜಿಲ್ಲೆಯ ತಂಪು ಈ ತಾಲ್ಲೂಕಿನ ಪಾಲಿಗೆ ಬರಲಿಲ್ಲ. ಏಪ್ರಿಲ್ ಮಧ್ಯಾಹ್ನದಲ್ಲಿ ಹೊರಗೆ 35 ಡಿಗ್ರಿ ದಾಟಿರುವಾಗ, ಕಿಟಕಿ ಬಾಗಿಲು ತೆರೆದು ಬದುಕುವ ಮನೆಯೊಳಗೆ ತಾಪ ಹೆಚ್ಚೆಂದರೆ ಐದು ಡಿಗ್ರಿ ಕಡಿಮೆ ಇದ್ದೀತು. ಸಂಜೆಯ ಹೊತ್ತಿಗೆ ಆ ವ್ಯತ್ಯಾಸವೂ ಅಳಿದು, ರಾತ್ರಿ ಒಳಗಿಗಿಂತ ಹೊರಗೇ ತಂಪು. ಐದು ಡಿಗ್ರಿಯ ಲೆಕ್ಕದಲ್ಲಿ ಚದರ ಮೀಟರಿಗೆ ಜೋಡಿ ಗಾಜು ತಡೆಯುವುದು ಹೆಚ್ಚುವರಿ 14 ಅಥವಾ 15 ವ್ಯಾಟ್. ಹಳೆಯ ಮನೆಯ ಸಣ್ಣ ಸಣ್ಣ ಕಿಟಕಿಗಳೆಲ್ಲ ಸೇರಿ ಐದು ಚದರ ಮೀಟರ್ ಎಂದು ಧಾರಾಳವಾಗಿ ಹಿಡಿದರೂ ಒಟ್ಟು ಲಾಭ 75 ವ್ಯಾಟ್ ಮೀರದು. ಸುಮ್ಮನೆ ಕುಳಿತ ಮನುಷ್ಯನೊಬ್ಬನ ಮೈಯಿಂದಲೇ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಅಂದರೆ ಅರ್ಧ ಲಕ್ಷದಷ್ಟು ಖರ್ಚು ಮಾಡಿ ಹಾಕಿಸಿದ ಕಿಟಕಿಗಳ ಉಪಕಾರವನ್ನು ಮಧ್ಯಾಹ್ನದ ಊಟಕ್ಕೆ ಬಂದ ಒಬ್ಬ ನೆಂಟ ಅಳಿಸಿಹಾಕಬಲ್ಲ.

ಇನ್ನು ವಿದ್ಯುತ್ ಉಳಿತಾಯದ ಮಾತು. ಉಳಿತಾಯ ಎನ್ನುವುದಕ್ಕೆ ಮೊದಲು ಖರ್ಚು ಎಂಬುದೊಂದು ಇರಬೇಕು. ಮನೆಯನ್ನು ಕಾಯಿಸಲು ಒಂದು ಯೂನಿಟ್ ಕೂಡ ಸುಡದ, ತಂಪು ಮಾಡಲು ಒಂದೆರಡು ಫ್ಯಾನುಗಳನ್ನಷ್ಟೇ ತಿರುಗಿಸುವ ಮನೆಯಲ್ಲಿ ಜೋಡಿ ಗಾಜು ಏನನ್ನು ಉಳಿಸಬೇಕು? ಫ್ಯಾನು ಗಾಜಿನ ದಪ್ಪ ನೋಡಿ ನಿಧಾನವಾಗುವುದಿಲ್ಲ. ಉಳಿತಾಯದ ಪಟ್ಟಿಯಲ್ಲಿ ತೋರಿಸುವ ಶೇಕಡಾವಾರು ಅಂಕಿಗಳೆಲ್ಲ ಹವಾನಿಯಂತ್ರಿತ ಕೋಣೆಗೆ ಸೇರಿದವು. ಆ ಅಂಕಿಗಳನ್ನು ನಿಜ ಮಾಡಬೇಕಿದ್ದರೆ ಮನೆಯವರು ಮೊದಲು ಎ.ಸಿ. ಕೊಳ್ಳಬೇಕು. ಇಲ್ಲದ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುವ ಔದಾರ್ಯ ಇದು.

ಗಾಜಿನ ವಿಷಯದಲ್ಲಿ ಮುಚ್ಚಿಡಲಾಗುವ ಇನ್ನೊಂದು ಸಂಗತಿಯಿದೆ. ಉಷ್ಣನಾಡಿನ ಕಿಟಕಿಯಿಂದ ಒಳಬರುವ ಶಾಖದಲ್ಲಿ ಸಿಂಹಪಾಲು ಬಿಸಿಲಿನದು, ಗಾಳಿಯದಲ್ಲ. ಮರೆಯಿಲ್ಲದ ಪಡುವಣ ಕಿಟಕಿಯ ಮೇಲೆ ಬೇಸಿಗೆಯ ಇಳಿಹೊತ್ತಿನಲ್ಲಿ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ. ಸಾದಾ ಒಂಟಿ ಗಾಜು ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಒಳಗೆ ಬಿಟ್ಟರೆ, ಸಾದಾ ಜೋಡಿ ಗಾಜು 70ಕ್ಕೂ ಹೆಚ್ಚು ಪಾಲನ್ನು ಬಿಡುತ್ತದೆ. ಹಾಗೆ ಒಳಬಂದ ಬಿಸಿಲು ನೆಲಕ್ಕೂ ಗೋಡೆಗೂ ತಾಗಿ ಶಾಖವಾಗುತ್ತದೆ; ಆ ಶಾಖ ಹೊರಹೋಗಲು ಗಾಜು ಬಿಡುವುದಿಲ್ಲ. ಹಸಿರುಮನೆಯೆಂದು ಸಸಿ ಬೆಳೆಸುವವರು ಕಟ್ಟುವುದು ಇಂಥದ್ದನ್ನೇ. ಬಿಸಿಲು ತಡೆಯುವ ಲೇಪನದ ಗಾಜು ಇದೆಯಲ್ಲ ಎಂದು ವ್ಯಾಪಾರಿಗಳು ಹೇಳಿಯಾರು. ಇದೆ. ಅದು ಒಂಟಿ ಗಾಜಿಗೂ ಸಿಗುತ್ತದೆ, ಬೆಲೆಯೂ ಹೆಚ್ಚು, ಕೋಣೆಯ ಬೆಳಕನ್ನೂ ನುಂಗುತ್ತದೆ. ಕಿಟಕಿಯ ಹೊರಗೆ ಎರಡಡಿ ಚಾಚಿದ ಹೆಂಚಿನ ಸೂರು ಏರುಬಿಸಿಲನ್ನೂ, ಪಡುವಣಕ್ಕೆ ಕಟ್ಟಿದ ತೆಂಗಿನ ಗರಿಯ ತಡಿಕೆ ಇಳಿಬಿಸಿಲನ್ನೂ ಗಾಜಿಗೆ ತಾಗುವ ಮೊದಲೇ ತಡೆಯುತ್ತವೆ. ಗಾಜಿಗೆ ತಾಗಿದ ಮೇಲೆ ತಡೆಯುವುದಕ್ಕೂ ತಾಗುವ ಮೊದಲೇ ತಡೆಯುವುದಕ್ಕೂ ಇರುವ ವ್ಯತ್ಯಾಸ ಮನೆ ಕಟ್ಟುವ ಹಳ್ಳಿಯ ಮೇಸ್ತ್ರಿಗೆ ತಿಳಿದಿತ್ತು. ಸಜ್ಜಾ ಇಲ್ಲದೆ ಕಿಟಕಿ ಇಡಬಾರದೆಂದು ಅವನು ಹಟ ಹಿಡಿಯುತ್ತಿದ್ದುದು ಅಂದಕ್ಕಾಗಿ ಅಲ್ಲ.

ಹಾಗಾದರೆ ಕಡೂರಿನ ಮನೆಗಳು ಬೇಸಿಗೆಯಲ್ಲಿ ಏಕೆ ಬೇಯುತ್ತವೆ? ತಲೆಯೆತ್ತಿ ನೋಡಿದರೆ ಸಾಕು. ಮಧ್ಯಾಹ್ನದ ಸೂರ್ಯ ಸುಡುವುದು ಸೂರನ್ನು. ಚದರ ಮೀಟರಿಗೆ 900 ವ್ಯಾಟಿನಷ್ಟು ಬಿಸಿಲು ನೇರವಾಗಿ ತಾರಸಿಯ ಮೇಲೆ ಸುರಿಯುತ್ತದೆ. ಬಣ್ಣ ಕಾಣದ ಬರಿಯ ಕಾಂಕ್ರೀಟಿನ ಮೈ 55 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ನೂರು ಚದರ ಮೀಟರಿನ ತಾರಸಿಯಿಂದ ಮನೆಯೊಳಕ್ಕೆ ಇಳಿಯುವ ಶಾಖ, ಸ್ಥೂಲ ಲೆಕ್ಕದಲ್ಲಿ ನೋಡಿದರೂ ಕೆಲವು ಸಾವಿರ ವ್ಯಾಟ್. ಅದರ ಮುಂದೆ ಕಿಟಕಿಯ 75 ವ್ಯಾಟನ್ನು ಹಿಡಿದುಕೊಂಡು ಚರ್ಚಿಸುವುದೆಂದರೆ ಕೆರೆಯ ಏರಿ ಒಡೆದಿರುವಾಗ ತೂಬಿನ ಬಿರುಕಿಗೆ ಮಣ್ಣು ಮೆತ್ತಿದಂತೆ. ಕಲ್ನಾರು ಶೀಟಿನ, ತಗಡಿನ ಮನೆಗಳ ಪಾಡು ಇನ್ನೂ ಕಠೋರ. ಅಲ್ಲಿ ಹಗಲೂಟದ ಹೊತ್ತಿಗೆ ಮನೆಯವರು ಹುಣಸೆ ಮರದ ಬುಡಕ್ಕೆ ವಲಸೆ ಹೋಗುತ್ತಾರೆ. ಆ ಮನೆಗಳಿಗೆ ಜೋಡಿ ಗಾಜು ಮಾರಲು ಯಾರೂ ಬರುವುದಿಲ್ಲ, ಏಕೆಂದರೆ ಅವರ ಬಳಿ ಹಣವಿಲ್ಲ. ಸೆಕೆ ಯಾರಿಗೆ ಹೆಚ್ಚು ಎಂಬುದನ್ನು ನೋಡಿ ಈ ಸರಕು ಊರೊಳಗೆ ಕಾಲಿಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಸೀಮೆಯ ಹಳೆಯ ಮನೆಗಳು ಎರಡು ಬಗೆಯವು. ಹೊಸದುರ್ಗದ ಮಗ್ಗುಲಿಗೆ ಹೋದಷ್ಟೂ ಮಣ್ಣಿನ ಮಾಳಿಗೆಯ ಮನೆಗಳು, ಗುಡ್ಡದ ಕಡೆಗೆ ಸರಿದಷ್ಟೂ ಹೆಂಚಿನ ಮನೆಗಳು. ಎರಡರಲ್ಲೂ ಮೊಳಕ್ಕೂ ಮೀರಿದ ಮಣ್ಣಿನ ಅಥವಾ ಕಲ್ಲು-ಮಣ್ಣಿನ ಗೋಡೆ. ಅದರಲ್ಲಿ ಹೊನ್ನೆಯದೋ ಬೇವಿನದೋ ಹಲಸಿನದೋ ಚೌಕಟ್ಟು, ನಿಲುವಾದ ಸರಳುಗಳು, ಒಳಗಿನಿಂದ ಮುಚ್ಚುವ ಎರಡು ಹಲಗೆಯ ಕದ. ಮಾಳಿಗೆಯಲ್ಲಿ ಬೆಳಕಿಗೂ ಹೊಗೆಗೂ ಒಂದು ಗವಾಕ್ಷಿ. ಹಗಲಿನ ಕಾವನ್ನು ಆ ದಪ್ಪ ಗೋಡೆ ತನ್ನಲ್ಲಿ ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಆ ಹೊತ್ತಿಗೆ ಕಿಟಕಿ ತೆರೆದಿದ್ದರೆ ಕಾವು ಹೊರಟು ಹೋಗುತ್ತದೆ, ಮುಚ್ಚಿದ್ದರೆ ಮನೆಯವರ ಮೇಲೆಯೇ ಇಳಿಯುತ್ತದೆ. ಮಧ್ಯಾಹ್ನ ಕದ ಮುಚ್ಚುವುದು, ಸಂಜೆ ತೆರೆಯುವುದು: ಇಷ್ಟೇ ಆ ಮನೆಯ ಹವಾನಿಯಂತ್ರಣ. ಅದನ್ನು ನಡೆಸುತ್ತಿದ್ದವರು ಮನೆಯ ಹೆಂಗಸರು. ಯಾವ ಹೊತ್ತಿಗೆ ಯಾವ ಕದ ಎಂಬ ಅವರ ತಿಳಿವಳಿಕೆಯನ್ನು ಯಾವ ಎಂಜಿನಿಯರನೂ ಬರೆದಿಟ್ಟುಕೊಂಡಿಲ್ಲ.

ಹಳೆಯದೆಲ್ಲ ಹೊನ್ನು ಎಂದು ಇಲ್ಲಿ ವಾದಿಸಲಾಗುತ್ತಿಲ್ಲ. ಆ ಮನೆಗಳ ನಡುಮನೆ ಹಗಲಿನಲ್ಲೂ ಕತ್ತಲು. ಕದಗಳ ಸಂದಿನಿಂದ ಆಷಾಢದ ಗಾಳಿ ಶಿಳ್ಳೆ ಹಾಕುತ್ತದೆ, ರಾಗಿ ಕಣದ ದೂಳು ನುಗ್ಗುತ್ತದೆ. ಸೊಳ್ಳೆ ಬರುತ್ತದೆ, ಮಂಗ ಕೈ ಹಾಕುತ್ತದೆ. ಅಡುಗೆಮನೆಗಳಂತೂ ಹಲವು ಕಡೆ ಹೊಗೆಯ ಗೂಡುಗಳು. ಆ ಹೊಗೆ ತಲೆಮಾರುಗಳ ಹೆಣ್ಣುಮಕ್ಕಳ ಕಣ್ಣನ್ನೂ ಶ್ವಾಸಕೋಶವನ್ನೂ ತಿಂದಿದೆ. 2016ರ ಉಜ್ವಲಾ ಯೋಜನೆಯ ಸಿಲಿಂಡರು ಬಂದ ಮೇಲೂ ರಾಗಿಮುದ್ದೆಗೆ, ಹಂಡೆಯ ನೀರಿಗೆ ತೆಂಗಿನ ಸೋಗೆ ಮತ್ತು ಸೌದೆ ಉರಿಯುವುದು ನಿಂತಿಲ್ಲ. ಇಂಥ ಮನೆಯ ಕಿಟಕಿಗಳನ್ನು ಗಾಳಿಯಾಡದಂತೆ ಮುದ್ರೆಯೊತ್ತುವುದು ಬರಿಯ ಹಣದ ಪೋಲಲ್ಲ, ಅಪಾಯ. ಸಂದುಗೊಂದುಗಳಿಂದ ಹೊರಬೀಳುತ್ತಿದ್ದ ಹೊಗೆಗೆ ಆಗ ಒಲೆಯ ಮುಂದೆ ಕುಳಿತವಳ ಎದೆಯೊಂದೇ ದಾರಿ. ಒಳಗೆ ಕೆಂಡ ಉರಿಯುವಾಗ ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿದರೆ ಇಂಗಾಲದ ಮಾನಾಕ್ಸೈಡ್ ಎಂಬ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಸೇರಿಕೊಳ್ಳುತ್ತದೆ. ಚಳಿಯ ನಾಡುಗಳಲ್ಲಿ ಗಾಳಿಬಿಗಿ ಕಿಟಕಿಯ ಜೊತೆಗೇ ಗಾಳಿ ಬದಲಾಯಿಸುವ ವ್ಯವಸ್ಥೆಯನ್ನೂ ಯೋಚಿಸುತ್ತಾರೆ. ಇಲ್ಲಿ ಕಿಟಕಿಯನ್ನು ಮಾತ್ರ ಮಾರುತ್ತಾರೆ.

ಮಣ್ಣಿನ ಗೋಡೆಗೆ ಉಸಿರಾಟವಿದೆ ಎಂಬುದು ಬರಿಯ ಉಪಮೆಯಲ್ಲ. ಅದು ಗಾಳಿಯ ತೇವವನ್ನು ಹೀರಿ ಒಣಹೊತ್ತಿನಲ್ಲಿ ಬಿಡುತ್ತದೆ. ಗಾಳಿಯಾಟ ನಿಂತರೆ ತೇವ ಗೋಡೆಯ ಬುಡದಲ್ಲಿ ಕೂರುತ್ತದೆ, ಬೂಷ್ಟು ಹಿಡಿಯುತ್ತದೆ. ಕಡೂರಿನಲ್ಲಿ ಇದು ಮಳೆಗಾಲದ ಎರಡು ತಿಂಗಳ ತೊಂದರೆಯಾದೀತು. ಕೊಪ್ಪ, ಶೃಂಗೇರಿ, ಮೂಡಿಗೆರೆಗಳಲ್ಲಿ ವರ್ಷದ ಅರ್ಧ ಭಾಗದ ಕಾಯಿಲೆಯಾಗುತ್ತದೆ.

ಜೋಡಿ ಗಾಜಿನ ತವರಿನಲ್ಲೇ ಹಳೆಯ ಕಿಟಕಿಯ ಬಗ್ಗೆ ಏನು ಕಂಡುಕೊಂಡಿದ್ದಾರೆ ಎಂಬುದು ಇಲ್ಲಿನವರಿಗೆ ತಿಳಿಯಬೇಕು. ಸ್ಕಾಟ್ಲೆಂಡಿನ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಹೊಣೆ ಹೊತ್ತಿದ್ದ ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯದವರು ಒಂಟಿ ಗಾಜಿನ ಹಳೆಯ ಕಿಟಕಿಯೊಂದನ್ನು ಪ್ರಯೋಗಕ್ಕೊಡ್ಡಿದರು. 2008ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ, ಕಿಟಕಿಯ ಒಳಬದಿಯ ಮರದ ಕದಗಳನ್ನು ಮುಚ್ಚಿದಷ್ಟಕ್ಕೇ ಶಾಖದ ಸೋರಿಕೆ ನೂರಕ್ಕೆ 51ರಷ್ಟು ಇಳಿಯಿತು. ಹಳೆಯ ಕಿಟಕಿಯನ್ನು ಮುಟ್ಟದೆ ಅದರ ಒಳಗೆ ಇನ್ನೊಂದು ಗಾಜಿನ ಚೌಕಟ್ಟು ನಿಲ್ಲಿಸಿದಾಗ 63ರಷ್ಟು. ಅದೇ ಹಳೆಯ ಚೌಕಟ್ಟಿಗೆ ಹೊಸ ಜೋಡಿ ಗಾಜು ಕೂರಿಸಿದಾಗ 79ರಷ್ಟು. ಮಂಜು ಬೀಳುವ ದೇಶದಲ್ಲೇ ಮರದ ಕದ ಅರ್ಧ ಕೆಲಸವನ್ನು ಮಾಡಿ ಮುಗಿಸುತ್ತದೆ ಎಂದಾಯಿತು. ಚೌಳಹಿರಿಯೂರಿನ ಹಳೆಯ ಮನೆಯಲ್ಲಿ ಅಂಥ ಕದ ಈಗಾಗಲೇ ಇದೆ. ಅದನ್ನು ಕಿತ್ತು ಹಾಕುವುದೇ ಹೊಸ ಕಿಟಕಿ ಕೂರಿಸುವ ಕೆಲಸದ ಮೊದಲ ಹಂತ ಎಂಬುದು ವಿಪರ್ಯಾಸ.

ಹೊಸದಾಗಿ ಬರುವುದಾದರೂ ಏನು? ಬಹುಪಾಲು ಯುಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟು, ಅದರಲ್ಲಿ ಅತ್ತಿತ್ತ ಸರಿಯುವ ಎರಡು ಗಾಜು. ಸರಿಯುವ ಕಿಟಕಿಯನ್ನು ಪೂರ್ತಿ ತೆರೆದರೂ ಅರ್ಧ ಮಾತ್ರ ತೆರೆಯುತ್ತದೆ. ಇನ್ನರ್ಧಕ್ಕೆ ಎರಡೂ ಗಾಜುಗಳು ಒಟ್ಟಿಗೆ ಅಡ್ಡ ನಿಲ್ಲುತ್ತವೆ. ಕೀಲಿನ ಮೇಲೆ ತಿರುಗುವ ಹಳೆಯ ಕದವಾದರೋ ಹೆಚ್ಚುಕಡಿಮೆ ಪೂರ್ತಿ ಕಿಂಡಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಇದು ಹಳ್ಳಿಯವರ ಹಟಮಾರಿ ಮಾತೆಂದು ತಳ್ಳಿಹಾಕುವವರು ಕೇಂದ್ರ ಸರ್ಕಾರವು 2018ರ ಡಿಸೆಂಬರಿನಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯನ್ನು ತೆರೆದು ನೋಡಬಹುದು. ವಾಸದ ಮನೆಗಳಿಗಾಗಿ ರೂಪಿಸಿದ ಇಂಧನ ಸಂರಕ್ಷಣೆಯ ಆ ಸಂಹಿತೆ, ತೆರೆಯಬಲ್ಲ ಭಾಗವನ್ನು ಲೆಕ್ಕ ಹಾಕುವಾಗ ತಿರುಗುವ ಕದಕ್ಕೆ ನೂರಕ್ಕೆ 90 ಅಂಕ ಕೊಡುತ್ತದೆ, ಎರಡು ಗಾಜಿನ ಸರಿಯುವ ಕಿಟಕಿಗೆ 50. ನೆಲದ ವಿಸ್ತೀರ್ಣಕ್ಕೆ ತಕ್ಕಷ್ಟು ತೆರೆಯಬಲ್ಲ ಕಿಟಕಿ ಇರಲೇಬೇಕೆಂದು ಅದು ವಿಧಿಸುತ್ತದೆ. ಒಣ ಉಷ್ಣವಲಯಕ್ಕೆ 10, ಸಮಶೀತೋಷ್ಣ ವಲಯಕ್ಕೆ 12.5, ತೇವದ ಉಷ್ಣವಲಯಕ್ಕೆ 16.66 ಶೇಕಡಾ. ಸೂರಿನಿಂದ ಇಳಿಯುವ ಶಾಖಕ್ಕೆ ಪ್ರತ್ಯೇಕ ಮಿತಿಯನ್ನೇ ಹಾಕುತ್ತದೆ. ಹಳ್ಳಿಯ ಬಿಡಿಮನೆಗಳಿಗೆ ಈ ಸಂಹಿತೆ ಕಟ್ಟಲೆಯಲ್ಲ, ನಿಜ. ಆದರೆ ಸರ್ಕಾರದ ತಜ್ಞರೇ ಕುಳಿತು ಬರೆದಾಗ ಎಲ್ಲಕ್ಕಿಂತ ಮೊದಲು ತೆರೆಯುವ ಕಿಟಕಿಯನ್ನು, ಬಿಸಿಲಿನ ಮರೆಯನ್ನು, ಸೂರನ್ನು ಹೆಸರಿಸಬೇಕಾಯಿತು ಎಂಬುದು ಗಮನಾರ್ಹ.

ತೆರೆದಿಟ್ಟ ಜೋಡಿ ಗಾಜಿನ ಕಿಟಕಿ ಬರಿಯ ದುಬಾರಿ ಕಿಂಡಿ. ಅದು ಕೆಲಸ ಮಾಡಬೇಕಿದ್ದರೆ ಮುಚ್ಚಿರಬೇಕು, ಮುಚ್ಚಿದರೆ ಸೆಕೆ, ಸೆಕೆಗೆ ಎ.ಸಿ. ಹೀಗೆ ಕಿಟಕಿಯ ಹಿಂದೆ ಯಂತ್ರವೂ ಮನೆಯೊಳಗೆ ಬರುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್ ಒಳಗಿದ್ದು ಸೊನ್ನೆ ಬಿಲ್ಲಿನ ನೆಮ್ಮದಿ ಕಂಡ ಮನೆಗಳು, ಒಂದು ಎ.ಸಿ.ಯನ್ನು ಬೇಸಿಗೆಯ ರಾತ್ರಿಗಳಲ್ಲಿ ಓಡಿಸಿದರೆ ಆ ಗೆರೆ ದಾಟಲು ತಡವಾಗುವುದಿಲ್ಲ. ಹಾಗೆ ಮೆಸ್ಕಾಂ ತಂತಿಯ ಮೇಲೆ ಬೀಳುವ ಸಂಜೆ-ರಾತ್ರಿಯ ಹೊರೆಗೆ ಉತ್ತರವೆಂದು ಸರ್ಕಾರ ಎಲ್ಲಿಗೆ ಕೈ ಚಾಚುತ್ತದೆ ಎಂಬುದು ಮಲೆನಾಡಿಗೆ ಗೊತ್ತಿರುವ ಸಂಗತಿ. 1964ರ ಲಿಂಗನಮಕ್ಕಿಯಲ್ಲಿ ಹಳ್ಳಿಗಳನ್ನು ಮುಳುಗಿಸಿಕೊಂಡ ಶರಾವತಿ ಕಣಿವೆಯಲ್ಲೇ, ಸಿಂಹಬಾಲದ ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ, 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದುದು ಇದೇ ಗರಿಷ್ಠ ಬೇಡಿಕೆಯ ಹೆಸರಿನಲ್ಲಿ. ಚೌಳಹಿರಿಯೂರಿನ ಒಂದು ಕಿಟಕಿ ಶರಾವತಿಯನ್ನು ಮುಳುಗಿಸುತ್ತದೆ ಎಂದರೆ ಅತಿಶಯೋಕ್ತಿಯಾದೀತು. ಲಕ್ಷಾಂತರ ಮನೆಗಳನ್ನು ಮುಚ್ಚಿದ ಪೆಟ್ಟಿಗೆಗಳನ್ನಾಗಿ ಮಾಡಿ, ಆಮೇಲೆ ಆ ಪೆಟ್ಟಿಗೆಗಳನ್ನು ತಂಪು ಮಾಡಲು ಕಾಡಿನ ಹೊಟ್ಟೆ ಬಗೆಯುವುದನ್ನು ಅಭಿವೃದ್ಧಿ ಎಂದು ಕರೆಯುವುದು ಮಾತ್ರ ಅದಕ್ಕಿಂತ ದೊಡ್ಡ ಅತಿಶಯೋಕ್ತಿ.

ಕಿತ್ತ ಹಳೆಯ ಕಿಟಕಿಗಳ ಮುಂದಿನ ಕಥೆಯೂ ಸ್ವಾರಸ್ಯಕರ. ಸೌದೆಯ ಬೆಲೆಗೆ ಹಳೆಯ ಮರದ ವ್ಯಾಪಾರಿಯ ಕೈ ಸೇರುವ ಚೌಕಟ್ಟು, ಕಂಬ, ಬೋದಿಗೆಗಳು ಬಣ್ಣ ತೆಗೆಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು, ನಗರದ ಹೋಟೆಲುಗಳಲ್ಲಿ, ಗಿರಿತಪ್ಪಲಿನ ರೆಸಾರ್ಟುಗಳಲ್ಲಿ ಪರಂಪರೆ ಎಂಬ ಹೆಸರು ಹೊತ್ತು ಮರುಹುಟ್ಟು ಪಡೆಯುತ್ತವೆ. ಊರಿನವನು ತನ್ನ ಕಿಟಕಿ ಮಾರಿ ಪ್ಲಾಸ್ಟಿಕ್ ಕೊಳ್ಳುತ್ತಾನೆ. ಊರಿಗೆ ಬರುವ ಪ್ರವಾಸಿ ಅವನ ಕಿಟಕಿಯ ಪಕ್ಕ ಕುಳಿತು ಕಾಫಿ ಕುಡಿಯಲು ಹಣ ತೆರುತ್ತಾನೆ. ಅತ್ತ ಗುಡ್ಡದ ಮೇಲೆ ಇದಕ್ಕೆ ತಿರುಗುಮುರುಗಾದ ಇನ್ನೊಂದು ನಾಟಕ: ಕಣಿವೆಯ ನೋಟಕ್ಕೆಂದು ಗೋಡೆಯುದ್ದದ ಗಾಜು ನಿಲ್ಲಿಸಿ, ಒಳಗೆ ಸೆಕೆಯೆಂದು ಪರದೆ ಎಳೆದು ಎ.ಸಿ. ಹಾಕುವ ಹೋಂಸ್ಟೇಗಳು. ಆ ಗಾಜಿನಲ್ಲಿ ಮೂಡಿದ ಆಕಾಶವನ್ನು ನಿಜವೆಂದು ನಂಬಿ ಹಾರಿ ಬಂದು ಕೊರಳು ಮುರಿದುಕೊಳ್ಳುವ ಹಕ್ಕಿಗಳ ಲೆಕ್ಕವನ್ನು ಪ್ರವಾಸೋದ್ಯಮದ ವರದಿಗಳಲ್ಲಿ ಹುಡುಕಿದರೆ ಸಿಗದು.

ಬಾಳಿಕೆಯ ವಿಷಯಕ್ಕೆ ಬಂದರೆ, ಜೋಡಿ ಗಾಜಿನ ಆಯುಷ್ಯ ಅದರ ಅಂಚಿನ ಮುದ್ರೆಯ ಆಯುಷ್ಯ. ಸಾಮಾನ್ಯವಾಗಿ 20ರಿಂದ 25 ವರ್ಷ. ಮುದ್ರೆ ಸಡಿಲಿದರೆ ತೇವ ಒಳಸೇರಿ ಎರಡು ಗಾಜುಗಳ ನಡುವೆ ಮಂಜು ಕವಿಯುತ್ತದೆ. ಅದನ್ನು ಒರೆಸಲು ಯಾರ ಕೈಯೂ ತಲುಪದು. ಹುಡುಗರ ಕ್ರಿಕೆಟ್ ಚೆಂಡು ತಾಗಿದರೂ ಅಷ್ಟೇ. ಈ ಗಾಜನ್ನು ಕಡೂರು ಪೇಟೆಯಲ್ಲಿ ಕತ್ತರಿಸಿ ಕೊಡಲಾಗದು. ಅಳತೆ ಬರೆದು ಕಳಿಸಿ, ಕಾರ್ಖಾನೆಯಿಂದ ಇಡೀ ಜೋಡಿಯನ್ನೇ ತರಿಸಬೇಕು. ಮರದ ಕದ ಮುರಿದರೆ ಊರಿನ ಬಡಗಿ ಅರ್ಧ ದಿನದಲ್ಲಿ ಕೂರಿಸುತ್ತಾನೆ. ಅವನ ಕೂಲಿ ಊರಲ್ಲೇ ಉಳಿಯುತ್ತದೆ. ಗಾಜಿನ ಹಣ ಊರು ಬಿಟ್ಟರೆ ತಿರುಗಿ ನೋಡುವುದಿಲ್ಲ.

ಜೋಡಿ ಗಾಜಿಗೆ ಈ ದೇಶದಲ್ಲಿ ಜಾಗವೇ ಇಲ್ಲವೆಂದಲ್ಲ. ಲಡಾಖಿನಲ್ಲಿ, ಹಿಮಾಚಲದ ಎತ್ತರದ ಕಣಿವೆಗಳಲ್ಲಿ ಅದು ಸೌದೆಯನ್ನು ಉಳಿಸುತ್ತದೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿ, ಹಗಲಿರುಳೂ ತಂಪಾಗಿರಲೇಬೇಕಾದ ಪ್ರಯೋಗಾಲಯ, ಹೆದ್ದಾರಿಗೆ ಮುಖ ಮಾಡಿ ನಿದ್ದೆಗೆಟ್ಟ ಮನೆ, ಇವುಗಳ ಮಾತು ಬೇರೆ. ಕಿಟಕಿಯೇ ಇಲ್ಲದಂತೆ ಕೊಳೆತುಹೋಗಿ, ಹೊಸದು ಮಾಡಿಸಲೇಬೇಕಾದಾಗಲೂ ಗಾಜು ಬೇಡವೆನ್ನಬೇಕಾಗಿಲ್ಲ. ಕತ್ತಲ ನಡುಮನೆಗೆ ಬೆಳಕು ತರುವ ಒಂಟಿ ಗಾಜು, ಅದರ ಮೇಲೆ ಒಳ್ಳೆಯ ಸಜ್ಜಾ, ಅದರ ಜೊತೆಗೆ ತೆರೆಯುವ ಕದ, ಇಷ್ಟಕ್ಕೆ ಅಡ್ಡಿಯೇನೂ ಇಲ್ಲ.

ಜೋಡಿ ಗಾಜಿನ ಕಿಟಕಿಗೆ ಚದರಡಿಗೆ ಸಾವಿರ ರೂಪಾಯಿಯ ಆಸುಪಾಸು ತೆರಬೇಕಾಗುತ್ತದೆ. ಅದೇ ಹಣದ ಸಣ್ಣದೊಂದು ಪಾಲಿನಲ್ಲಿ ಹಳೆಯ ಕಿಟಕಿಗಳ ಕೀಲು ಚಿಲಕಗಳನ್ನು ಸರಿಪಡಿಸಿ, ಕದಗಳ ಸಂದಿಗೆ ಪಟ್ಟಿ ಹೊಡೆಸಿ, ಸರಳಿನ ಹೊರಗೆ ಸೊಳ್ಳೆಪರದೆಯ ಜಾಲರಿ ಹಾಕಿಸಬಹುದು. ದೂಳು, ಸೊಳ್ಳೆ, ಮಂಗಗಳ ತಕರಾರು ಅಲ್ಲಿಗೆ ಬಹುಪಾಲು ಮುಗಿಯಿತು. ಉಳಿದುದನ್ನು ಸೂರಿಗೆ ಖರ್ಚು ಮಾಡಬೇಕು. ತಾರಸಿಗೆ ದಪ್ಪನಾಗಿ ಬಿಳಿ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಬಂದ ದಾರಿಯಲ್ಲೇ ಮರಳುತ್ತದೆ, ಒಳಮಾಡಿನ ತಾಪ ಕೆಲವು ಡಿಗ್ರಿ ಇಳಿಯುತ್ತದೆ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆಂಬ ಆಕ್ಷೇಪ ಸರಿಯೇ. ಯುಗಾದಿಗೆ ಮನೆಗೆ ಸುಣ್ಣ ಬಳಿಯುವ ಪದ್ಧತಿ ಇರುವ ಸೀಮೆಯಲ್ಲಿ ಗೋಡೆಗೆ ಕಲಸಿದ ಸುಣ್ಣವನ್ನೇ ಇನ್ನಷ್ಟು ಕಲಸಿ ತಾರಸಿಗೂ ಏರಿಸುವುದು ಕಷ್ಟವಲ್ಲ. ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಸೂರಿನ ನೀತಿಯನ್ನೇ ಪ್ರಕಟಿಸಿ ಹೊಸ ಕಟ್ಟಡಗಳ ತಾರಸಿಗೆ ಬಿಸಿಲು ಮರಳಿಸುವ ಲೇಪನವನ್ನು ಸರ್ಕಾರಿ ಕಾರ್ಯಕ್ರಮವನ್ನಾಗಿ ಮಾಡಿದೆ. ಶೀಟಿನ ಮನೆಗೆ ಸೋಗೆಯ ಹೊದಿಕೆ, ಪಡುವಣ ಗೋಡೆಗೆ ಚಪ್ಪರದ ಅವರೆಬಳ್ಳಿ ಅಥವಾ ಹೀರೆಬಳ್ಳಿ. ಇವು ಬಡವರ ಉಪಾಯಗಳೆಂದು ಮೂಗು ಮುರಿಯುವವರು ಬಳ್ಳಿಯ ನೆರಳಿನ ಗೋಡೆಯನ್ನೂ ಬರಿಯ ಗೋಡೆಯನ್ನೂ ಇಳಿಹೊತ್ತಿನಲ್ಲಿ ಒಮ್ಮೆ ಮುಟ್ಟಿ ನೋಡಲಿ. ಅಡುಗೆಮನೆಗೆ ಹೊಗೆಕೊಳವೆ ಇಲ್ಲದಿದ್ದರೆ ಎಲ್ಲಕ್ಕಿಂತ ಮೊದಲು ಅದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮಕ್ಕೆ ಹೋದಾಗ ಮೊದಲು ಮಾಡಿದ ಕೆಲಸ ಅಳೆಯುವುದು: ಎಷ್ಟು ಸೌದೆ ಉರಿಯುತ್ತದೆ, ಯಾರು ಎಷ್ಟು ಹೊತ್ತು ಹೊರುತ್ತಾರೆ, ಎಷ್ಟು ಶಾಖ ಪಾತ್ರೆಗೆ ಸೇರುತ್ತದೆ. ಆ ಅಳತೆಗಳ ನೆಲೆಯ ಮೇಲೆ ಅಸ್ತ್ರ ಒಲೆ ಬಂತು. ಅದೇ ಕೇಂದ್ರದ ದುಡಿಮೆಯಿಂದ ಒತ್ತುಮಣ್ಣಿನ ಇಟ್ಟಿಗೆ ಬಂತು. ಅದೇ ಕ್ರಮವನ್ನು ಕಡೂರು, ಬೀರೂರು, ಅಜ್ಜಂಪುರದ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಕಿಟಕಿಗೆ ಅನ್ವಯಿಸಬಹುದು. ಬೇಕಾಗುವುದು ನಾಲ್ಕು ಸಾದಾ ಉಷ್ಣಮಾಪಕ, ಒಂದು ನೋಟುಪುಸ್ತಕ. ಮಣ್ಣಿನ ಗೋಡೆಯ ಮನೆಯಲ್ಲೊಂದು, ತಾರಸಿ ಮನೆಯಲ್ಲೊಂದು, ಸುಣ್ಣ ಬಳಿದ ತಾರಸಿಯ ಕೆಳಗೊಂದು, ಹೊರಗಿನ ನೆರಳಿನಲ್ಲೊಂದು ತೂಗುಹಾಕಿ, ಬೆಳಿಗ್ಗೆ ಆರು, ಮಧ್ಯಾಹ್ನ ಮೂರು, ರಾತ್ರಿ ಒಂಬತ್ತಕ್ಕೆ ಬರೆದಿಡುವುದು. ಒಂದೇ ಮನೆಯಲ್ಲಿ ಒಂದು ವಾರ ರಾತ್ರಿ ಕಿಟಕಿ ತೆರೆದು, ಇನ್ನೊಂದು ವಾರ ಮುಚ್ಚಿ ನೋಡುವುದು. ಒಂದು ತಿಂಗಳ ಅಂಕಿಗಳು ಕೈಯಲ್ಲಿದ್ದರೆ ಮಾರಾಟಗಾರನ ಹೊಳಪಿನ ಕಾಗದದ ಎದುರು ಮನೆಯ ಯಜಮಾನ ಬಾಯಿ ಕಟ್ಟಿ ಕೂರಬೇಕಾಗಿಲ್ಲ.

ಆ ಅಂಕಿಗಳಿಗೆ ಇನ್ನೊಂದು ಉಪಯೋಗವೂ ಇದೆ. ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಮುಂತಾದ ಯೋಜನೆಗಳಲ್ಲಿ ಕಟ್ಟಿಕೊಳ್ಳುವ ಮನೆಗಳಿಗೆ ಅನುದಾನ ಗ್ರಾಮ ಪಂಚಾಯಿತಿಯ ಮೂಲಕವೇ ಬರುತ್ತದೆ, ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆಯೇ ಬರುತ್ತದೆ. ಆ ಸಭೆಯಲ್ಲಿ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದಷ್ಟೇ ಅಲ್ಲದೆ, ಆ ಮನೆಯ ತಾರಸಿಗೆ ಸುಣ್ಣದ ಲೇಪ ಏಕಿಲ್ಲ, ಕಿಟಕಿಗೆ ಸಜ್ಜಾ ಏಕಿಲ್ಲ, ಎದುರುಬದುರು ಎರಡು ಕಿಂಡಿಗಳು ಏಕಿಲ್ಲ, ಒಲೆಗೆ ಹೊಗೆಕೊಳವೆಯ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಏಕೆ ಸೇರಿಸಿಲ್ಲ ಎಂಬ ಪ್ರಶ್ನೆಗಳೂ ಏಳಬೇಕು. ಪ್ರಶ್ನೆಯನ್ನು ಲಿಖಿತವಾಗಿ ಕೊಟ್ಟು, ಅದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕೇಳಬೇಕು. ಚೌಳಹಿರಿಯೂರು ಹೋಬಳಿಯ ಪಂಚಾಯಿತಿಗಳಲ್ಲಿ ಒಂದಾದರೂ ಅಂಥ ನಿರ್ಣಯ ಮಾಡಿ ತಾಲ್ಲೂಕು ಪಂಚಾಯಿತಿಗೆ ಕಳಿಸಿದರೆ, ಮುಂದಿನ ಬೇಸಿಗೆಗೆ ಮೊದಲು ಅಂದಾಜುಪಟ್ಟಿಯ ಮರುಪರಿಶೀಲನೆ ಕೇಳಲು ಉಳಿದ ಹೋಬಳಿಗಳಿಗೂ ಒಂದು ಆಧಾರ ಸಿಕ್ಕಂತಾಗುತ್ತದೆ.